ಮಲಗಿರುವ ಗುಲಾಬಿಯನ್ನು ಎಬ್ಬಿಸಬೇಡಿ

ತಣ್ಣೂರು, ಮಾಘ ಮಾಸ, ಪರಾಭವ ಸಂವತ್ಸರ; ನೀವು ಬಲ್ಲ ಪರಾಭವವಲ್ಲ, ಅದರಿಂದ ಅರವತ್ತು ವರ್ಷಗಳ ನಾಲ್ಕು ಸುತ್ತು ಆಚೆಯದು.

ಬಾಲ್ಕನಿಯಲ್ಲಿ ಬಟನ್ ಗುಲಾಬಿಯ ಕುಂಡ ಇಟ್ಟುಕೊಂಡಿರುವ ಹಿರಿಯರಿಗೆ, ಇನ್ನೂ ಹುಟ್ಟದ ಹೊನ್ನವ್ವನ ನಮಸ್ಕಾರ.

ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಸೆಕೆ ತಾಳಲಾರದೆ ನಮ್ಮವರು ಉತ್ತರದ ಹಿಮದಂಚಿಗೆ ಬಂದು ತಲೆಮಾರುಗಳಾದವು. ಹೊಸ ನೆಲಕ್ಕೆ ಹೊಸ ಪದಗಳು ಬೇಕಾದವು. ನೆಲವೇ ಕಾಣದಂತೆ ಹಿಮ ಬೀಳುವ ಅರ್ಧ ವರ್ಷವನ್ನು ಬಿಳಿಗಾಲ ಎನ್ನುತ್ತೇವೆ. ಒಲೆಯ ಬಿಸಿಯನ್ನು ಮನೆಯಿಡೀ ಹಾಯಿಸುವ ಗೋಡೆ ಕಾವುಗೋಡೆ. ಜೋಳವನ್ನು ಗಾಜಿನ ಮನೆಯಲ್ಲಿ ಬೆಳೆದರೂ ರೊಟ್ಟಿಯನ್ನು ಈಗಲೂ ಕೈಯಲ್ಲೇ ಬಡಿಯುತ್ತೇವೆ. ಹೂವಿಗೆ ಮಾತ್ರ ಬಡತನ. ಮದುಮಗಳಿಗೂ ಬಟ್ಟೆಯ ಹೂವೇ ಗತಿ. ನಿಮ್ಮ ಕುಂಡದಿಂದ ಕಡ್ಡಿ ಕಡ್ಡಿಯಾಗಿ ಕೈಯಿಂದ ಕೈಗೆ ದಾಟಿ ಬಂದ ಗುಲಾಬಿ ಊರಿಗೆಲ್ಲ ನಮ್ಮ ಮನೆಯಲ್ಲಷ್ಟೇ ಉಳಿದಿದೆ, ಅದೂ ಒಂದೇ ಗಿಡ. ಹಿಮ ಕರಗಿ ಅದು ಹೂ ಬಿಡುವ ಹೊತ್ತಿಗೆ ನನ್ನ ಮಗಳು ನೇಸರಳ ಮದುವೆ. ಅವಳ ತುರುಬಿಗೆ ನಿಜವಾದ ಹೂ ಮುಡಿಸದೆ ನಾನು ಬಿಡುವವಳಲ್ಲ, ಸಂವತ್ಸರದ ಹೆಸರು ಏನೇ ಇರಲಿ.

ಹೋದ ವರ್ಷ ಕುಂಡಗಳು ಹಲವಿದ್ದವು. ಅವನ್ನು ಕೊಂದದ್ದು ಚಳಿಯಲ್ಲ, ನಮ್ಮ ಅತ್ತೆ ಪಾರವ್ವನ ಅಕ್ಕರೆ. ಕುಂಡಗಳನ್ನು ಕಾವುಗೋಡೆಯ ಪಕ್ಕಕ್ಕೇ ತಂದಿಟ್ಟು, ತುಳಸಿಗೆ ಹಾಕುವಂತೆ ದಿನವೂ ಮಿಂದು ಬಂದು ತಂಬಿಗೆ ನೀರೆರೆದರು. ಅತಿಯಾದರೆ ಅಮೃತವೂ ವಿಷ. ಬಿಸಿಗೆ ಮೋಸಹೋದ ಗಿಡಗಳು ಬಿಸಿಲಿಲ್ಲದ ಕಾಲದಲ್ಲಿ ಬಿಳಿಚಿದ ಚಿಗುರು ಬಿಟ್ಟು, ಬೇರು ಕೊಳೆತು ಸತ್ತವು. ಬದುಕಿದ್ದು ಹಿತ್ತಲಿನ ಕಟ್ಟಿಗೆ ಕೋಣೆಯಲ್ಲಿ, ಒಲೆಯ ಕಾವು ತಲುಪದ ಕಡೆ, ಸೌದೆಯ ಹಿಂದೆ ಎಲ್ಲರೂ ಮರೆತಿದ್ದ ಒಂದೇ ಕುಂಡ. ಗುಲಾಬಿಗೆ ಚಳಿಯಲ್ಲಿ ನಿದ್ದೆ ಬೇಕೆಂದು ನಮಗೆ ತಿಳಿದದ್ದೇ ಆಗ.

ಈ ಸಲ ಚಳಿ ಹಿಡಿಯುವ ಮೊದಲೇ ಗೊಬ್ಬರ ನಿಲ್ಲಿಸಿದೆ. ಎಲೆ ಉದುರಿದ ಮೇಲೆ ಕುಂಡಕ್ಕೆ ಗೋಣಿತಾಟು ಸುತ್ತಿ, ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು ಅದೇ ಕೋಣೆಗೆ ಸೇರಿಸಿದೆ. ಈಗ ಆ ಕೋಣೆಯ ಹೆಸರು ನಿದ್ದೆಮನೆ. ಬೆರಳಿಟ್ಟಾಗ ಮಣ್ಣು ಪೂರ್ತಿ ಒಣಗಿದ್ದರೆ, ಚಳಿ ತುಸು ಇಳಿದ ದಿನ ನೋಡಿ ಒಂದು ಹಿಡಿ ಹಿಮ ಇಡುತ್ತೇನೆ. ಅದು ತಾನಾಗಿ ಕರಗಿ ಇಳಿಯುತ್ತದೆ.

ಅತ್ತೆಗೆ ಇದು ತಡೆಯಲಾರದ ಸಂಕಟ. "ಹಸುಗೂಸನ್ನ ಥಂಡ್ಯಾಗ ಹೊರಗ ಮಲಗಸ್ತಾರೇನವಾ?" ಎಂದು ಕಣ್ಣೀರಿಟ್ಟರು.

"ಸತ್ತಿಲ್ರಿ ಅತ್ತಿ, ಮಲಗೇತಿ. ಎಬ್ಬಸಬ್ಯಾಡ್ರಿ," ಎಂದೆ. ಬೀಗ ಹಾಕಲು ಮಾತ್ರ ಮನಸ್ಸು ಬರಲಿಲ್ಲ.

ನಿನ್ನೆ ಬೆಳಿಗ್ಗೆ ನಿದ್ದೆಮನೆಯತ್ತ ಹಿಮದ ಮೇಲೆ ಅತ್ತೆಯ ಹೆಜ್ಜೆ ಕಂಡಿತು. ಬಿಸಿನೀರು ಸುರಿದೇಬಿಟ್ಟರು ಎಂದುಕೊಂಡು ಓಡಿದೆ. ಮಣ್ಣು ಒಣಗಿಯೇ ಇತ್ತು. ಗೋಣಿಯ ಮೇಲೆ ಅವರು ತಾವು ಹೊದೆಯುವ ಕೌದಿ ಸುತ್ತಿದ್ದರು, ಕುಂಡಕ್ಕಷ್ಟೇ, ಕಡ್ಡಿಗೆ ಎಲ್ಲೂ ತಾಗದಂತೆ. ನನಗೆ ಅಳು ಬಂತು. ಕೌದಿ ಅಲ್ಲೇ ಇದೆ. ಅತ್ತೆಗೆ ನನ್ನದನ್ನು ಕೊಟ್ಟಿದ್ದೇನೆ.

ಈಗ ನನ್ನ ಕೋರಿಕೆ. ನಿಮ್ಮ ಕುಂಡದಲ್ಲಿ ಹೂ ಮುಗಿದು, ಎಲೆ ಉದುರಿ ಬರೀ ಮುಳ್ಳುಕಡ್ಡಿ ನಿಂತಿರಬಹುದು. ಕಸದ ಗಾಡಿ ಬಂದಾಗ ಕೈ ಅದರತ್ತ ಹೋಗುತ್ತದೆ. ತಡೆಯಿರಿ. ಉಗುರಿನಿಂದ ತೊಗಟೆಯನ್ನು ಒಂದಿಷ್ಟೇ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಅದು ಸತ್ತಿಲ್ಲ, ಮಲಗಿದೆ. ಚಿಗುರಿದ ಮೇಲೆ ಒಂದು ಕಡ್ಡಿಯನ್ನು ಪಕ್ಕದ ಮನೆಯವರಿಗೂ ಕೊಡಿ. ಇಲ್ಲಿ ನಾನು ಮಾಡಬೇಕಾದ್ದನ್ನೆಲ್ಲ ಮಾಡುತ್ತೇನೆ. ಆದರೆ ನೇಸರಳ ಮುಡಿಯ ಹೂ ಇವತ್ತು ನಿಮ್ಮ ಕೈಯಲ್ಲಿದೆ.

ನಿಮ್ಮ ಮರಿಮಕ್ಕಳಿಗೂ ಆಚೆಯವಳು,
ಹೊನ್ನವ್ವ