ಕಂಪನಿಯಲ್ಲೇ ಕೂರಿಸಿದ್ದು

ನಾಗಪುರ
೨೩ ಮೇ ೨೦೦೪, ಭಾನುವಾರ ಮಧ್ಯಾಹ್ನ

ಚನ್ನವೀರ ಅವರಿಗೆ,

ನಿಮ್ಮ ಹಳೆಯ ಕಾರು ಮಾರಾಟಕ್ಕಿದೆ. ನನ್ನ ತಮ್ಮ ದತ್ತು ಅದನ್ನು ಕೊಳ್ಳಬೇಕೆಂದಿದ್ದಾನೆ. ಕೊಳ್ಳುವ ಮೊದಲು ಪರೀಕ್ಷಿಸಲು ನನ್ನನ್ನು ಕರೆದೊಯ್ದ. ಈಗ ಅವನು ಉಂಡು ಮಲಗಿದ್ದಾನೆ, ಅವ್ವ ಕೂಲರಿನ ಮುಂದೆ ಕಾಯಿಪಲ್ಲೆ ಸೋಸುತ್ತಿದ್ದಾಳೆ. ನಾನು ಬರೆಯುತ್ತಿದ್ದೇನೆ.

ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಿರುವುದು ಇದೇ ಮೊದಲು. ಮದುವೆಯಾಗಿದ್ದಷ್ಟು ಕಾಲ ‘ರೀ’ ಎನ್ನುತ್ತಿದ್ದೆ. ವಿಚ್ಛೇದನವಾದ ಮೇಲೆ ಕರೆಯುವ ಪ್ರಸಂಗವೇ ಬರಲಿಲ್ಲ.

ಸಿಂಗಾಪುರದಿಂದ ಮುಂಬಯಿಗೆ ನೀವು ತಂದ ಆ ಹಳದಿ ಕಾರು ಬುಟಿಬೋರಿಯ ಒಬ್ಬ ಕಾರ್ಖಾನೆ ಮಾಲೀಕರ ಕೈಗೆ ಬಂದಿತ್ತು. ಅವರು ಈಗ ಅದನ್ನು ಮಾರುತ್ತಿದ್ದಾರೆ. ಕಾಗದಪತ್ರದಲ್ಲಿ ಮೊದಲ ಮಾಲೀಕರಾಗಿ ನಿಮ್ಮ ಹೆಸರು ಕಂಡದ್ದೇ ದತ್ತುವಿಗೆ ಹುಚ್ಚು ಹಿಡಿಯಿತು. ಇತವಾರಿ ಪೇಟೆಯಲ್ಲಿ ನಟ್ಟು ಬೋಲ್ಟು ಮಾರುವವನಿಗೆ ಅಂಥ ಕಾರು ಯಾಕೆ ಎಂದೆ. “ಅಕ್ಕಾ, ಅಂವಾ ನಿನ್ನ ಬಿಟ್ಟು ಹೋದ. ಅವನ ಗಾಡಿ ನಮ್ಮ ಮನಿ ಮುಂದ ಕಟ್ಟಿದ ಎಮ್ಮಿಯಂಗ ನಿಲ್ಲಬೇಕು” ಎಂದ. ಅದು ಅವನಿಗೆ ತಿಳಿದ ನ್ಯಾಯ.

ಸನ್‌ರೂಫು, ಚರ್ಮದ ಸೀಟು, ದೊಡ್ಡ ಚಕ್ರ ಎಲ್ಲವೂ ಕಂಪನಿಯಲ್ಲೇ ಕೂರಿಸಿದ್ದು, ಆಮೇಲೆ ಹೊರಗೆ ಹಾಕಿಸಿದ್ದು ಒಂದೂ ಇಲ್ಲ ಎಂದು ದಲ್ಲಾಳಿ ಬೆಲೆ ಏರಿಸಿದ್ದ. ದತ್ತುವಿಗೆ ಅನುಮಾನ. “ನೀ ಪುಸ್ತಕದಾಗಿನ ಅಚ್ಚಿನ ತಪ್ಪು ಸೈತ ಬಿಡಾಕಿ ಅಲ್ಲ, ನೀನ ಬಂದು ನೋಡು” ಎಂದ. ನೀವು ಇದನ್ನೇ ಬೇರೆ ಥರ ಹೇಳುತ್ತಿದ್ದಿರಿ: “ಯಾವ್ಯಾವುದೋ ದೇಶದವರ ದುಃಖ ಕನ್ನಡದಾಗ ಓದ್ಕೋತ ಕುಂದರ್ತಿ, ಮನ್ಯಾಗಿನ ಗಂಡಗ ಚಾ ಇಲ್ಲ.”

ನಿನ್ನೆ ದಲ್ಲಾಳಿಯ ಶೆಡ್ಡಿಗೆ ಹೋದೆವು. ಇಂಜಿನ್ ಹಿಂದೆ, ಡಿಕ್ಕಿ ಮುಂದೆ. “ಇದರ ಮಾಲಕನಂಗ ಇದೂ ಉಲ್ಟಾ ನೋಡಕ್ಕಾ” ಎಂದು ದತ್ತು ನಕ್ಕ. ನಾನೂ ನಕ್ಕೆ. ಡಿಕ್ಕಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿತ್ತು. ಕಾರು ತಯಾರಾಗುವಾಗ ಏನೇನು ಹೆಚ್ಚುವರಿಯಾಗಿ ಕೂರಿಸಿದ್ದಾರೋ ಅದರ ಸಂಖ್ಯೆಗಳು ಅದರಲ್ಲಿರುತ್ತವೆ. ಬರೆದುಕೊಂಡು ಸೀತಾಬರ್ಡಿಯ ಸೈಬರ್ ಕೆಫೆಯಲ್ಲಿ ಒಂದೊಂದರ ಅರ್ಥ ಹುಡುಕಿದೆ. ಸನ್‌ರೂಫು ಬರೋಬರ್. ಚರ್ಮ ಬರೋಬರ್. ಒಂದು ಸಂಖ್ಯೆ ಮಾತ್ರ ಉಳಿಯಿತು. ಚೀಟಿಯಲ್ಲಿದೆ, ಕಾರಿನಲ್ಲಿ ನಾವು ಕಂಡಿರಲಿಲ್ಲ. “ಒಂದು ಕಡಿಮಿ ಐತಲ್ಲ, ಚಲೋ ಆತು, ರೇಟ್ ಇಳಸೂಣು” ಎಂದು ದತ್ತು ಹಿಗ್ಗಿದ. ಅದೇನೆಂದು ಅವನಿಗೆ ನಾನು ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಮತ್ತೆ ಹೋದೆ. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಬೆನ್ನೂ ಆಸನವೂ ಕೂಡುವ ಸಂದಿಯಲ್ಲಿ ಕೈ ತೂರಿಸಿದೆ. ಎರಡು ಉಕ್ಕಿನ ಕೊಂಡಿಗಳು ಸಿಕ್ಕವು. ಡ್ಯಾಶ್‌ಬೋರ್ಡಿನ ತುದಿಯಲ್ಲಿ, ಬಾಗಿಲು ತೆರೆದರಷ್ಟೇ ಕಾಣುವ ಕಡೆ, ಕೀಲಿ ತಿರುಗಿಸುವ ಒಂದು ಸಣ್ಣ ಸ್ವಿಚ್ಚಿತ್ತು. ಕೊಂಡಿಗಳು ಮಗುವಿನ ಕುರ್ಚಿಯನ್ನು ಬಿಗಿಯಲು. ಸ್ವಿಚ್ಚು, ಏರ್‌ಬ್ಯಾಗ್ ಉಬ್ಬಿ ಮಗುವಿಗೆ ಬಡಿಯದಂತೆ ಅದನ್ನು ನಿಲ್ಲಿಸಿಡಲು.

ಇದನ್ನು ಆಮೇಲೆ ಯಾರಾದರೂ ಹಾಕಿಸಿರಬಹುದೇ ಎಂದು ದಲ್ಲಾಳಿಯನ್ನು ಕೇಳಿದೆ. ಹೌದು ಎನ್ನಲಿ ಎಂದು ಎಷ್ಟು ಬಯಸಿದೆನೆಂದರೆ, ಅವನ ಬಾಯನ್ನೇ ನೋಡುತ್ತಿದ್ದೆ. ಅವನು ನನ್ನ ಅಜ್ಞಾನಕ್ಕೆ ನಕ್ಕ. “ಮ್ಯಾಡಮ್, ಯೇ ಬಾದ್ ಮೇಂ ನಹೀಂ ಲಗತಾ. ಗಾಡಿ ಬನ್‌ನೇ ಸೇ ಪೆಹಲೇ ಬೋಲ್‌ನಾ ಪಡ್ತಾ ಹೈ.” ಇದನ್ನು ಆಮೇಲೆ ಹಾಕಲು ಬರುವುದಿಲ್ಲ, ಕಾರು ತಯಾರಾಗುವ ಮೊದಲೇ ಹೇಳಿರಬೇಕು. ಹೇಳಿದವರು ನೀವು.

ತೊಂಬತ್ತೆಂಟರ ಸಂಕ್ರಾಂತಿಗೆ ನೀವು ಸಿಂಗಾಪುರದಿಂದ ರಜೆಯ ಮೇಲೆ ಬಂದು ಹೋದಿರಿ. ಮಾರ್ಚಿನಲ್ಲಿ ನಾನು ಫೋನ್ ಮಾಡಿ ಸುದ್ದಿ ಹೇಳಿದೆ. ನೀವು ಅಂದದ್ದು: “ದೀಪಾ, ನನಗ ಮಕ್ಕಳು ಬ್ಯಾಡ. ಈಗಷ್ಟ ಅಲ್ಲ, ಎಂದೂ ಬ್ಯಾಡ. ತಗಸಿಬಿಡು. ಮನ್ಯಾಗ ಯಾರಿಗೂ ಹೇಳಬ್ಯಾಡ.” ನಾನು ಕಲಿಸುವ ಶಾಲೆಯ ಗೆಳತಿ ವಿಜಯಾ ಒಬ್ಬಳೇ ನನ್ನೊಂದಿಗೆ ಧಂತೋಲಿಯ ಆಸ್ಪತ್ರೆಗೆ ಬಂದಳು. ಆಗಸ್ಟಿನಲ್ಲಿ ನಿಮ್ಮ ಕಾಗದ ಬಂತು: ಕಾರಿಗೆ ಆರ್ಡರ್ ಕೊಟ್ಟೆ, ಇಬ್ಬರಿಗೇ ಜಾಗ, ಮೂರನೆಯವರು ಹತ್ತುವ ಹಾಗೇ ಇಲ್ಲ. ಆ ಇಬ್ಬರಲ್ಲಿ ಒಬ್ಬಳು ನಾನು ಎಂದುಕೊಂಡೆ. ಕಳೆದುಕೊಂಡದ್ದಕ್ಕೆ ಅದೊಂದು ಸಮಾಧಾನವಾಗಿತ್ತು. ಗಂಡನಿಗೆ ಮಕ್ಕಳೆಂದರೆ ಭಯ, ಆದರೆ ನಾನು ಬೇಕು ಎಂದು.

ನಾನು ಓದುವ ಕಾದಂಬರಿಗಳಲ್ಲಿ ಹೆಂಡತಿಯರಿಗೆ ಕೋಟಿನ ಮೇಲೆ ಒಂದು ಕೂದಲೋ ಜೇಬಿನಲ್ಲಿ ಯಾರದೋ ಕೈಗವಸೋ ಸಿಗುತ್ತದೆ. ಅವು ಯಾರದೋ ಆಗಿರಬಹುದು, ಗಾಳಿಗೆ ಬಂದಿರಬಹುದು ಎಂದು ಅವರು ಇನ್ನೊಂದು ಅಧ್ಯಾಯ ನಂಬಿಕೊಂಡಿರುತ್ತಾರೆ. ನನಗೆ ಆ ಒಂದು ಅಧ್ಯಾಯವನ್ನೂ ನೀವು ಬಿಡಲಿಲ್ಲ.

ಕಾರಿಗೆ ಆರ್ಡರ್ ಕೊಟ್ಟಾಗ ನಾನಿನ್ನೂ ನಿಮ್ಮ ಹೆಂಡತಿಯಾಗಿದ್ದೆ. ನಿಮ್ಮ ಹೊಸ ಸಂಸಾರ ವಿಚ್ಛೇದನದ ನಂತರ ಕೂಡಿದ್ದು ಎಂದು ಎಲ್ಲರೂ ಹೇಳಿದರು, ನಂಬಿದೆ. ಆ ವಿಚ್ಛೇದನದ ಮಾತುಕತೆಗೆ ನಮ್ಮ ಮನೆಯಲ್ಲಿ ಹಿರಿಯರು ಕೂತಾಗ ನಿಮ್ಮ ತಾಯಿ ಸಾವಿತ್ರೆವ್ವ, “ನಮ್ಮ ಹುಡುಗಂದೇನೈತ್ರಿ ತಪ್ಪು? ಅಕಿ ಹೊಟ್ಟಿ ತೆರೀಲಿಲ್ಲ, ಅಕಿ ಹಣೇಬರ” ಎಂದರು. ನೀವು ಚಹಾದ ಮೇಲಿನ ಕೆನೆಯನ್ನು ಬೆರಳಿನಿಂದ ತೆಗೆಯುತ್ತಿದ್ದಿರಿ. ಕೆನೆ ತೆಗೆದು ಬಸಿಯಂಚಿಗೆ ಒರೆಸಿ, ಚಹಾ ಕುಡಿದಿರಿ. ನಾನೂ ಬಾಯಿ ತೆರೆಯಲಿಲ್ಲ. ನಿಮ್ಮ ಮನೆಯ ಮರ್ಯಾದೆಯನ್ನು ನನಗೆ ಒಪ್ಪಿಸಿದ್ದಿರಲ್ಲ.

ಅಂದಿನಿಂದ ನನ್ನನ್ನು ಯಾರೂ ಬಸುರಿಯರ ಕುಬಸಕ್ಕೆ ಕರೆಯುವುದಿಲ್ಲ. ಹೋದ ವರ್ಷ ದತ್ತುವಿನ ಮಗಳನ್ನು ತೊಟ್ಟಿಲಿಗೆ ಹಾಕಿದರು, ಇದೇ ಮನೆಯಲ್ಲಿ. ಹಿಂದಿನ ದಿನ ಅವ್ವ ನನ್ನ ಮುಖ ನೋಡದೆ, “ನೀ ನಾಳೆ ಸಾಲಿಗೆ ಹೋಗಿಬಿಡವಾ. ಮಂದಿ ಏನರ ಅಂತಾರ” ಎಂದಳು. ಶಾಲೆಗೆ ರಜೆಯಿತ್ತು. ನಾನು ಬೀಗ ಹಾಕಿದ ಗೇಟಿನ ಎದುರು ಬಸ್‌ಸ್ಟಾಪಿನಲ್ಲಿ ಸಂಜೆಯ ತನಕ ಕೂತು ಬಂದೆ.

ದತ್ತುವಿಗೆ ಇದೊಂದೂ ಗೊತ್ತಿಲ್ಲ. ಮುಂಗಡ ತೆಗೆದುಕೊಳ್ಳಲು ದಲ್ಲಾಳಿ ನಾಳೆ ಬೆಳಿಗ್ಗೆ ಮನೆಗೆ ಬರುತ್ತಾನೆ. ಅವನು ಬರುವ ಮೊದಲು, ಅವ್ವನೂ ದತ್ತುವೂ ದತ್ತುವಿನ ಹೆಂಡತಿಯೂ ನಾಷ್ಟಾಕ್ಕೆ ಕೂತಾಗ, ಎಲ್ಲರಿಗೂ ಹೇಳುತ್ತೇನೆ. ನನ್ನ ಹೊಟ್ಟೆ ತೆರೆದಿತ್ತು ಎಂದು. ಧಂತೋಲಿಗೆ ಯಾಕೆ ಹೋದೆ, ಯಾರ ಮಾತಿಗೆ ಹೋದೆ ಎಂದು. ಸಾಕ್ಷಿಗೆ ವಿಜಯಾ ಇದ್ದಾಳೆ. ಅಷ್ಟು ಕೇಳಿದ ಮೇಲೆ ಕಾರು ಕೊಳ್ಳುವುದು ಬಿಡುವುದು ದತ್ತುವಿನ ಇಷ್ಟ. ಅಡಿಗೆಮನೆಯಲ್ಲಿ ಈಗ ಅವ್ವ ಚಹಾಕ್ಕೆ ನೀರಿಡುತ್ತಿರುವ ಸದ್ದು ಕೇಳುತ್ತಿದೆ. ಇನ್ನೂ ಹೇಳಿಲ್ಲ. ಹೇಳುವುದು ಖಂಡಿತ.

ಆ ಸೀಟಿನಲ್ಲಿ ಕೂತು ಬೆಳೆದ ಮಗು ಗಂಡೋ ಹೆಣ್ಣೋ ನನಗೆ ತಿಳಿಯದು. ಈಗ ಅಕ್ಷರ ತಿದ್ದುವ ವಯಸ್ಸಿರಬೇಕು. ಅದರ ತಪ್ಪೇನೂ ಇಲ್ಲ. ಆಯುಷ್ಯವಂತವಾಗಲಿ, ವಿದ್ಯೆ ಹತ್ತಲಿ. ನನ್ನ ಹರಕೆಯೆಲ್ಲ ಅದಕ್ಕೇ ಮುಗಿಯಿತು. ನಿಮಗೆ ಕೊಡಲು ಉಳಿದಿಲ್ಲ.

ದೀಪಾಲಿ