ಬಹರೇನದ ಕೀಲಿ

ಸುಗಲಾ,

ನಾ ಬರೂತನಕ ಹೊಸ್ತಿಲ ದಾಟಬ್ಯಾಡ. ನಿಮ್ಮಣ್ಣ ಬಹರೇನದಿಂದ ಕಳಿಸಿದ ಕೀಲಿ, ಬಾಗಲಾ ಬಡಕೊಂಡ್ರ ತಾನೇ ಬೀಳ್ತೈತಿ, ಹೊರಗಿಂದ ಚಾವಿ ಇಲ್ಲದ ತಗ್ಯಾಕ ಬರಂಗಿಲ್ಲ. ಚಾವಿ ಟಪಾಲದಾಗ ಕಳದೀತಂತ ತಮ್ಮ ಕಿಸೇದಾಗೇ ಇಟ್ಕೊಂಡಾರ! ಮೂರು ತಿಂಗಳಾತು, ಒಬ್ಬಾಕಿ ಒಳಗಿರದೆ ಇನ್ನೊಬ್ಬಾಕಿ ಹೊರಗ ಹೋಗಂಗಿಲ್ಲ. ಒಳಗಿರಾಕಿ ಯಾವಾಗ್ಲೂ ನಾನೇ. ಇವತ್ತು ನೀ ಕೂಡು.

ರೊಟ್ಟಿ ಬುಟ್ಟ್ಯಾಗ ಅದಾವ. ನಾ ಬರೂದು ತಡಾ ಆದ್ರ, ದೀಪ ಹಚ್ಚೂ ಹೊತ್ತಿಗಿ ಬಾಗಲಾ ತಗದು ಗುಂಡಕಲ್ಲು ಅಡ್ಡ ಇಡು. ಲಕ್ಷ್ಮೀನ್ನ ಹೊರಗ ನಿಂದ್ರಸಬಾರದು.

ಮನಿ ಹೊಕ್ಕು ಲೂಟಿ ಮಾಡತಿದ್ದ ರಜಾಕಾರರು ಹೋಗಿ ನಾಕು ವರ್ಷಾತು. ನಿಮ್ಮಣ್ಣ ಇನ್ನೂ ಅಗಳಿ, ಸರಪಳಿ, ಕೀಲಿ ಕಳಿಸಾಕತ್ತಾರ. ಶಹಾಪುರದಿಂದ ಬಡಿಗ್ಯಾರನ್ನ ಕರಕೊಂಡೇ ಬರತೇನಿ. ಇದನ್ನ ಕಿತ್ತಿಸಿ ಬಹರೇನಕ್ಕೇ ವಾಪಸ್ ಕಳಸೂನು. ಅವರ ಅಂಜಿಕಿ ಅವರ ಬಲ್ಲೇ ಇರಲಿ.

ನಿನ್ನ ಅತ್ತಿಗಿ ಮೋನಮ್ಮ