ಹೋಗು ಎಂದು ನೀವೇ ಹೇಳಿ

ಅಂಗಡಿಯಿಂದ,
ಮಂಗಳವಾರ ಮಧ್ಯಾಹ್ನ

ಬೀಗಿತ್ತಿಯವರಿಗೆ ನಮಸ್ಕಾರ.

ದೇವರ ದಯೆಯಿಂದ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಶುರು ಮಾಡುವುದು ವಾಡಿಕೆ. ಮೈಗೆ ಏನೂ ಆಗಿಲ್ಲ, ಅಷ್ಟು ನಿಜ. ಮನಸ್ಸಿನ ಸುದ್ದಿ ಮುಂದೆ ಬರೆಯುತ್ತೇನೆ.

ಎರಡು ಬಸ್ಸು ಬದಲಿಸಿದರೆ ಸಿಗುವ ಮನೆ ನಿಮ್ಮದು, ಕೈಯಲ್ಲಿ ಫೋನೂ ಇದೆ, ಆದರೂ ಇವಳು ಕಾಗದ ಯಾಕೆ ಬರೆದಳು ಎಂದು ನಿಮಗೆ ಅನಿಸಬಹುದು. ಫೋನಿನಲ್ಲಿ ನಾನು ನಿಮ್ಮ ಮುಂದೆ ಗೆಲ್ಲುವುದಿಲ್ಲ. ನೀವು ಶಾಲೆಯ ಹೆಡ್‌ಮಿಸ್ಸು. ನಾನು ಒಂದು ಮಾತು ಹುಡುಕುವಷ್ಟರಲ್ಲಿ ನೀವು ನಾಲ್ಕು ಆಡಿ ಮುಗಿಸಿರುತ್ತೀರಿ. ನಾನು ಹೂಂ ಹೂಂ ಅಂದು ಇಟ್ಟುಬಿಡುತ್ತೇನೆ, ಆಮೇಲೆ ಕೊಡಬೇಕಾಗಿದ್ದ ಉತ್ತರ ಪಾತ್ರೆ ತೊಳೆಯುವಾಗ ಒಂದೊಂದಾಗಿ ಹೊಳೆಯುತ್ತದೆ. ಕಾಗದದಲ್ಲಿ ನಡುವೆ ಬಾಯಿ ಹಾಕುವವರಿಲ್ಲ. ತಪ್ಪು ಕಂಡರೆ ಕೆಂಪು ಗೆರೆ ಎಳೆಯಬೇಡಿ. ಹಳ್ಳಿಯಲ್ಲಿ ಏಳನೇ ಕ್ಲಾಸು ಓದಿದವಳ ಅಕ್ಷರ ಇದು.

ಬರೆಯಲು ಕೂತ ಕೂಡಲೇ ಒಂದು ತೊಡಕು ಬಂತು. ಅವಳನ್ನು ಏನೆಂದು ಬರೆಯಲಿ? ‘ನಿಮ್ಮ ಮಗಳು’ ಎಂದು ಬರೆದರೆ ನನ್ನ ಹೊಟ್ಟೆ ಉರಿಯುತ್ತದೆ. ‘ನನ್ನ ಸೊಸೆ’ ಎಂದರೆ ನಿಮ್ಮದು ಉರಿಯಲಿ ಎಂಬ ಆಸೆ ನನಗಿದೆ, ಆದರೆ ಇವತ್ತು ಜಗಳಕ್ಕೆ ಬಂದಿಲ್ಲ. ಅದಕ್ಕೇ ‘ಹುಡುಗಿ’ ಎಂದು ಬರೆಯುತ್ತೇನೆ. ಇಬ್ಬರಿಗೂ ಬೇಡ.

ಹುಡುಗಿಗೆ ಎರಡು ಕಡೆ ಸೀಟು ಸಿಕ್ಕಿರುವುದು ನಿಮಗೆ ನನಗಿಂತ ಮೊದಲೇ ಗೊತ್ತು. ಆದರೂ ನನಗೆ ತಿಳಿದ ಹಾಗೆ ಬರೆಯುತ್ತೇನೆ, ಏನೂ ತಿಳಿಯದೆ ಕುಣಿಯುತ್ತಿದ್ದಾಳೆ ಎಂದು ನೀವು ಅನ್ನಬಾರದು. ಒಂದು, ಇಲ್ಲಿಯ ಎಂಬಿಎ. ಎರಡು ವರ್ಷ, ಶನಿವಾರ ಭಾನುವಾರ ಕ್ಲಾಸು, ಉಳಿದ ದಿನ ನಮ್ಮ ಪರದೆ ಅಂಗಡಿ. ಇನ್ನೊಂದು ಹೊರದೇಶದ್ದು, ಅದೂ ವ್ಯಾಪಾರದ ಓದೇ, ಒಂದೇ ವರ್ಷ, ಆದರೆ ಅಲ್ಲೇ ಇರಬೇಕು. ಎರಡಕ್ಕೂ ಏನು ವ್ಯತ್ಯಾಸ ಎಂದು ನಾನು ಕೇಳಿದ್ದಕ್ಕೆ ಹುಡುಗಿ ಬಿಡಿಸಿ ಹೇಳಿದಳು. ಎಂಬಿಎಯಲ್ಲಿ ಕೆಲಸ ಮಾಡಿ ಪಳಗಿದವರು ಕೂತು ಅವರವರ ಕೆಲಸವನ್ನೇ ತಿರುವಿ ನೋಡುತ್ತಾರಂತೆ. ಹೊರದೇಶದ್ದರಲ್ಲಿ ಚಿಕ್ಕ ವಯಸ್ಸಿನವರು ಹೆಚ್ಚು, ಬುಡದಿಂದ ಕಲಿಸುತ್ತಾರಂತೆ. ಹಾಗಾದರೆ ಒಂದು ಆಲ್ಟ್ರೇಶನ್, ಒಂದು ಹೊಸ ಹೊಲಿಗೆ, ಅಂದೆ ನಾನು. ನನ್ನ ಮಗ ಊಟ ಬಿಟ್ಟು ನಕ್ಕ. ಅವನನ್ನು ಕೇಳಿ ಪ್ರಯೋಜನವಿಲ್ಲ. ಒಂದು ವರ್ಷ ತಾನೇ, ಇರುತ್ತೇನೆ, ನಿಮ್ಮಿಬ್ಬರ ಮಧ್ಯೆ ಮಾತ್ರ ನನ್ನನ್ನು ಎಳೆಯಬೇಡಿ ಅನ್ನುತ್ತಾನೆ. ಖರ್ಚಿನ ದಾರಿ ಅವರಿಬ್ಬರೂ ಮೊದಲೇ ನೋಡಿಕೊಂಡಿದ್ದಾರೆ, ಆ ಮಾತು ಬೇಡ.

ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಮದುವೆಯ ದಿನದಿಂದ ಇದೆ. ನನಗೆ ಹೆಣ್ಣುಮಕ್ಕಳಿಲ್ಲ, ಇದ್ದ ಒಬ್ಬ ಮಗನಿಗೆ ಬಟ್ಟೆ ಅಂದರೆ ಉಟ್ಟುಕೊಳ್ಳುವುದು ಅಷ್ಟೇ ಗೊತ್ತು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಈ ಪರದೆ ಹೊಲಿಯುವ ಅಂಗಡಿಯನ್ನು ಒಬ್ಬಳೇ ಎಳೆದುಕೊಂಡು ಬಂದೆ. ಹುಡುಗಿ ಬಂದ ಮೂರನೇ ವಾರಕ್ಕೆ ನನ್ನ ಜೊತೆ ಅಳತೆಗೆ ಹೊರಟಳು. ಜನರ ಮನೆಗೆ ಹೋಗಿ ಕಿಟಕಿ ಅಳೆಯುವುದು ಒಬ್ಬರ ಕೆಲಸವಲ್ಲ. ಏಣಿಯ ಮೇಲೆ ಒಬ್ಬರು ಟೇಪು ಹಿಡಿಯಬೇಕು, ಕೆಳಗೆ ಒಬ್ಬರು ಎಳೆದು ಬರೆದುಕೊಳ್ಳಬೇಕು. ನನಗೆ ಮೊಣಕಾಲು ನೋವು, ಅವಳೇ ಹತ್ತುತ್ತಾಳೆ. ಈಗ ಹೋಟೆಲುಗಳಿಂದ ಆರ್ಡರು ಬರುವುದು, ಬಟ್ಟೆಯ ಸ್ಯಾಂಪಲ್ ಫೋನಿನಲ್ಲೇ ತೋರಿಸುವುದು, ಎಲ್ಲ ಅವಳು ಬಂದ ಮೇಲೆ ಆದದ್ದು. ಮೂರು ವರ್ಷದಿಂದ ದಿನಕ್ಕೆ ಹತ್ತು ತಾಸು ನನ್ನ ಜೊತೆ ಇರುವವಳು ಭಾನುವಾರ ಒಂದು ಹೊತ್ತು ನಿಮ್ಮ ಮನೆಗೆ ಬಂದು ಹೋದರೆ ಮುಖದಲ್ಲಿ ಬೇರೆಯೇ ಬೆಳಕು. ಆ ಬೆಳಕು ನೋಡಿದಾಗಲೆಲ್ಲ ನಮ್ಮ ಮನೆಯಲ್ಲೇನು ಕತ್ತಲೆಯಾ ಎಂದು ಕೇಳಬೇಕು ಅನಿಸುತ್ತದೆ. ಹೋದ ವರ್ಷ ಅವಳು ಜ್ವರ ಬಂದು ಮಲಗಿದ್ದಾಗ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದವಳು ನಾನು. ಕಣ್ಣು ಮುಚ್ಚಿಕೊಂಡೇ ಅಮ್ಮ ಅಂದಳು. ನಾನು, ಏನು ಮಗಳೇ, ಅಂದೆ. ಕಣ್ಣು ಬಿಟ್ಟು ನೋಡಿ, “ಓ, ಅತ್ತೆ” ಅಂದಳು. ಪಾಪ, ತಪ್ಪೇನೂ ಇಲ್ಲ. ಆದರೆ ಆ ‘ಓ’ ಇನ್ನೂ ನನ್ನ ಕಿವಿಯಲ್ಲಿದೆ.

ಅವಳು ಅರ್ಜಿ ಹಾಕಿದ ದಿನದಿಂದ ನಾನು ಬೆಳಿಗ್ಗೆ ಸಂಜೆ ದೇವರ ಮುಂದೆ ಕೂತು ಬೇಡಿಕೊಂಡೆ. ಒಳ್ಳೆಯದಾಗಲಿ ಎಂದು ಬೇಡಿಕೊಂಡೆ ಎಂದು ಮಗನಿಗೆ ಹೇಳಿದ್ದೇನೆ. ನಿಮಗೆ ನಿಜ ಬರೆಯುತ್ತೇನೆ, ಹೊರದೇಶದ್ದು ತಪ್ಪಿಹೋಗಲಿ, ಇಲ್ಲಿಯದು ಸಿಗಲಿ ಎಂದು ಬೇಡಿದೆ. ಅದರಲ್ಲೂ ಒಂದು ಲೆಕ್ಕಾಚಾರ ಇತ್ತು. ಭಾನುವಾರವೂ ಕ್ಲಾಸಿದ್ದರೆ ನಿಮ್ಮ ಮನೆಗೆ ಬರುವುದು ತಾನಾಗಿಯೇ ತಪ್ಪುತ್ತದಲ್ಲ. ಹೊಟ್ಟೆಯಲ್ಲಿ ಕಿಚ್ಚಿಟ್ಟುಕೊಂಡು ಕೈ ಮುಗಿದರೆ ದೇವರಿಗೆ ತಿಳಿಯದೇ? ಎರಡೂ ಕೊಟ್ಟು, ಈಗ ಏನು ಮಾಡುತ್ತೀಯ ನೋಡೋಣ ಎಂದು ಕೂತ.

ಹುಡುಗಿ ನನ್ನ ಹತ್ತಿರ ಬಂದಳು. ನಾನು ಬಟ್ಟೆ ಕತ್ತರಿಸುತ್ತಿದ್ದೆ. ನೀವು ಏನು ಹೇಳುತ್ತೀರಿ ಎಂದು ಕೇಳಿದಳು. ನಿನ್ನ ಇಷ್ಟ, ಅಂದೆ, ತಲೆ ಎತ್ತದೆ. ಹೆಂಗಸರಾದ ನಮಗೆ ಗೊತ್ತು, ಆ ಎರಡು ಮಾತನ್ನು ಯಾವ ಸ್ವರದಲ್ಲಿ ಹೇಳಿದರೆ ಯಾವ ಅರ್ಥ ಎಂದು. ಎರಡು ದಿನ ಬಿಟ್ಟು ಬಂದು, ಇಲ್ಲೇ ಎಂಬಿಎ ಸೇರುತ್ತೇನೆ ಅಂದಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಡಿಯವರಿಗೆಲ್ಲ ಸಿಹಿ ಹಂಚಿದೆ. ನಮ್ಮ ಕಟಿಂಗ್ ಮಾಸ್ತರರ ಮುಂದೆ, ಎಷ್ಟು ಜನ ಸೊಸೆಯಂದಿರು ಅತ್ತೆಗೋಸ್ಕರ ಹೊರದೇಶ ಬಿಡುತ್ತಾರೆ ಹೇಳಿ ನೋಡೋಣ ಎಂದು ಜಂಬ ಕೊಚ್ಚಿದೆ. ಅವರು ಕತ್ತರಿ ಕೆಳಗಿಡದೆ, “ನಿಮಗೋಸ್ಕರ ಅಂತ ಅವಳು ಹೇಳಿದ್ಲಾ, ಅಮ್ಮಾವ್ರೇ?” ಅಂದರು. ಕೆಟ್ಟ ಬಾಯಿ ಆ ಮನುಷ್ಯನದು.

ಮರುದಿನ ಹಲ್ಲಿನ ಡಾಕ್ಟರಮ್ಮನ ಹೊಸ ಮನೆಗೆ ಅಳತೆಗೆ ಹೋದೆವು. ಹುಡುಗಿ ಏಣಿಯ ಮೇಲೆ, ನಾನು ಕೆಳಗೆ ಪುಸ್ತಕ ಪೆನ್ಸಿಲು ಹಿಡಿದು. ಮಾಸ್ತರರ ಮಾತು ಮುಳ್ಳಾಗಿ ಕೂತಿತ್ತು, ಕೇಳಿಯೇಬಿಟ್ಟೆ, ನನಗೋಸ್ಕರ ತಾನೇ ಉಳಿದದ್ದು ಎಂದು. ಅವಳು ಟೇಪು ಇಳಿಬಿಡುತ್ತ ಅಂದಳು, “ಅಮ್ಮ ಹೇಳಿದ್ರು ಅತ್ತೆ, ಇಲ್ಲೇ ಸೇರ್ಕೋ ಅಂತ. ಕಾಲೇಜು ಅವರ ಮನೆ ಹಿಂದಿನ ಬೀದೀಲೇ ಇರೋದು. ಶನಿವಾರ ರಾತ್ರಿ ಅಲ್ಲೇ ಉಳ್ಕೊಂಡ್ರೆ ಓಡಾಟನೂ ತಪ್ಪುತ್ತೆ ಅಂದ್ರು.”

ನಾನು ಭಾನುವಾರದ ಒಂದು ಹೊತ್ತು ಕಿತ್ತುಕೊಳ್ಳಲು ಹೋಗಿ ನಿಮಗೆ ಶನಿವಾರ ರಾತ್ರಿಯನ್ನೂ ಸೇರಿಸಿ ಕೊಟ್ಟ ಹಾಗಾಯಿತು. ಅವಳು ಮೇಲಿನಿಂದ ಅಳತೆ ಹೇಳುತ್ತಲೇ ಇದ್ದಳು, ನಾನು ಬರೆಯುತ್ತಲೇ ಇದ್ದೆ, ನನ್ನ ಕಣ್ಣ ಮುಂದೆ ಇದ್ದದ್ದು ನಿಮ್ಮ ಮನೆಯ ಮಂಚ, ಅದರ ಮೇಲೆ ಕಾಲು ಚಾಚಿ ನಗುತ್ತಿರುವ ಅವಳು. ನಡುಮನೆಯ ದೊಡ್ಡ ಕಿಟಕಿಗೆ ಉದ್ದ ಇರಬೇಕಾದ ಕಡೆ ಅಗಲ ಬರೆದೆ, ಅಗಲ ಇರಬೇಕಾದ ಕಡೆ ಉದ್ದ.

ನಾನು ಬರೆದುಕೊಂಡು ಬಂದದ್ದನ್ನು ಮಾಸ್ತರರು ಎರಡನೇ ಸಲ ಕೇಳುವುದಿಲ್ಲ. ಬಟ್ಟೆ ಕತ್ತರಿಸಿ, ಹೊಲಿದು, ನಿನ್ನೆ ತೂಗುಹಾಕಲು ಹೋದೆವು. ನೆಲ ಮುಟ್ಟಬೇಕಾದ ಪರದೆ ಚಿಕ್ಕ ಮಗುವಿನ ಲಂಗದ ಹಾಗೆ ಅರ್ಧಕ್ಕೇ ನಿಂತಿತು. ಡಾಕ್ಟರಮ್ಮ ಬಂದು ನೋಡಿ, ಇದು ಹೊಸ ಫ್ಯಾಷನ್ನಾ ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಇಂಥ ತಪ್ಪು ನನ್ನ ಕೈಯಿಂದ ಆಗಿಲ್ಲ. ಹುಡುಗಿ ಒಂದು ಸಲ ಪುಸ್ತಕ ನೋಡಿದಳು, ಒಂದು ಸಲ ನನ್ನನ್ನು. ಆಮೇಲೆ ಡಾಕ್ಟರಮ್ಮನಿಗೆ, “ಅಳತೆ ಕೂಗಿದ್ದು ನಾನು ಮೇಡಂ, ಉಲ್ಟಾ ಕೂಗಿಬಿಟ್ಟಿದ್ದೀನಿ. ವಾರದಲ್ಲಿ ಹೊಸದು ತರ್ತೀವಿ” ಅಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಆ ಪರದೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಕೂತಿದ್ದೆವು. ತಪ್ಪು ನನ್ನದು, ನೀನು ಯಾಕೆ ತಲೆ ಕೊಟ್ಟೆ ಎಂದೆ. ಅವಳು ಗಂಟನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿದಳು. ನಿಮ್ಮ ಅಮ್ಮ ಯಾಕೆ ಹಾಗೆ ಹೇಳಿದರು ಎಂದು ಕೇಳಿದೆ. ಆಗ ಹೇಳಿದಳು. ನೀನು ಹೊರಟುಹೋದರೆ ನಿಮ್ಮ ಅತ್ತೆ ನೊಂದುಕೊಳ್ಳುತ್ತಾರೆ, ಮನೆಯಲ್ಲಿ ಮನಸ್ತಾಪ ಬೇಡ, ಎಂದಿರಂತೆ ನೀವು.

ಬೀಗಿತ್ತಿಯವರೇ, ನಿನ್ನೆಯಿಂದ ಆ ಮಾತನ್ನು ಒಗೆದು ಹಿಂಡಿ ನೋಡಿದ್ದೇನೆ. ನಾನು ನೊಂದುಕೊಳ್ಳುತ್ತೇನೆ, ಅದು ಸುಳ್ಳಲ್ಲ. ಆದರೆ ನೋಯುವವಳು ನಾನೊಬ್ಬಳೇ ಏನು? ಹಿಂದಿನ ಬೀದಿಯ ಕಾಲೇಜು, ಶನಿವಾರದ ಮಂಚ, ಇವೆಲ್ಲ ನನ್ನ ನೋವಿಗೆ ಮದ್ದೇ? ನೀವು ನನ್ನನ್ನು ಮುಂದೆ ಇಳಿಬಿಟ್ಟು ಹಿಂದೆ ನಿಂತಿದ್ದೀರಿ. ಪರದೆಯ ಕೆಲಸ ನನಗೆ ಗೊತ್ತು. ಬಿಡಿ, ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ನಾನು ಅವಳನ್ನು ಕೊನೆಗೆ ಕೇಳಿದ್ದು ಒಂದೇ. ಅಮ್ಮನ ಮಾತು ಕೇಳಿದೆ, ಅತ್ತೆಯ ಮುಖ ನೋಡಿದೆ, ನಿನಗೆ ಯಾವುದು ಬೇಕು? ಕಿಟಕಿಯ ಕಡೆ ತಿರುಗಿಕೊಂಡು ಹೇಳಿದಳು, ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ನಾನು ಒಬ್ಳೇ ಎಲ್ಲೂ ಇದ್ದೇ ನೋಡಿಲ್ಲ ಅತ್ತೆ. ಅಮ್ಮನ ಮನೆಯಿಂದ ಸೀದಾ ನಿಮ್ಮ ಮನೆಗೆ ಬಂದೆ. ಎರಡು ಕಡೆನೂ ಚೆನ್ನಾಗಿ ನೋಡ್ಕೊಂಡಿದ್ದೀರಾ. ಆದ್ರೆ ಒಂದು ವರ್ಷ ನಾನೇ ಬೀಗ ತೆಗೆದು ನಾನೇ ಒಳಗೆ ಹೋಗ್ಬೇಕು ಅನ್ಸುತ್ತೆ. ಇಲ್ಲಿಯ ಓದು ಇನ್ನೈದು ವರ್ಷ ಬಿಟ್ಟೂ ಓದ್ಬಹುದು. ಅಲ್ಲಿಯದು ಆಮೇಲೆ ಆಗಲ್ಲ.”

ಅವಳಿಗೆ ಬೇಕಾದದ್ದರಲ್ಲಿ ನೀವೂ ಇರಲಿಲ್ಲ, ನಾನೂ ಇರಲಿಲ್ಲ. ನಿಮಗೆ ಹೇಗೆ ಕೇಳಿಸುತ್ತದೋ ಗೊತ್ತಿಲ್ಲ, ನನಗೆ ಮೊದಲು ಸಮಾಧಾನ ಆಯಿತು, ಸದ್ಯ ನಿಮ್ಮ ಹೆಸರಿಲ್ಲವಲ್ಲ ಎಂದು. ನನ್ನ ಹೆಸರೂ ಇಲ್ಲ ಎನ್ನುವುದು ಎರಡು ಸ್ಟಾಪು ದಾಟಿದ ಮೇಲೆ ತಿಳಿಯಿತು.

ಹಾಗಾದರೆ ಹೋಗು, ಅಂದೆ. ನನ್ನ ಮುಖವನ್ನೇ ನೋಡಿದಳು. ಕೋಪದಲ್ಲಿ ಹೇಳುತ್ತಿದ್ದೀರಾ ಎಂದು ಕೇಳಿದಳು. ಇಲ್ಲ ಎಂದೆ. ಎಷ್ಟು ಮೆತ್ತಗೆ ಹೇಳಲು ಬರುತ್ತದೋ ಅಷ್ಟು ಮೆತ್ತಗೆ ಹೇಳಿದೆ. ಅವಳು ನನ್ನ ಕೈ ಮೇಲೆ ಕೈ ಇಟ್ಟು ಏನೆಂದಳು ಗೊತ್ತೇ? “ಅಮ್ಮನ್ನ ಒಂದ್ ಮಾತು ಕೇಳ್ತೀನಿ ಅತ್ತೆ.”

ಆ ಬಸ್ಸಿನಿಂದ ಅಲ್ಲೇ ಇಳಿದುಬಿಡೋಣ ಅನಿಸಿತು.

ಅದಕ್ಕೇ ಈ ಕಾಗದ. ನನ್ನ ‘ಹೋಗು’ ಅವಳಿಗೆ ಸಾಲದು. ಅದರಲ್ಲಿ ಕೋಪ ಎಷ್ಟಿದೆ, ಮುನಿಸು ಎಷ್ಟಿದೆ ಎಂದು ಅಳೆಯುತ್ತ ಕೂತಿರುತ್ತಾಳೆ. ನೀವು ಹೋಗು ಎಂದರೆ ಎದ್ದು ಹೋಗುತ್ತಾಳೆ. ಇದನ್ನು ಬರೆಯಲು ನನಗೆ ಎಷ್ಟು ಸಂಕಟವಾಗುತ್ತದೆ ಎನ್ನುವುದು ದೇವರಿಗೇ ಗೊತ್ತು. ನಿಮ್ಮ ಮಾತಿಗೆ ಅವಳು ಉಳಿಯುವುದಕ್ಕಿಂತ ನನ್ನ ಮಾತಿಗೆ ಹೋಗಲಿ ಎಂದು ನನಗೆ ಹಟ ಬಂದಿತ್ತು. ಈಗ ಹೋಗುವುದೂ ನಿಮ್ಮ ಮಾತಿಗೇ ಆಗಬೇಕಾಗಿದೆ. ಇವತ್ತು ಬೆಳಿಗ್ಗೆ ದೇವರ ಮುಂದೆ ಕೂತು ಕೇಳಿದೆ, ಇದಕ್ಕಿಂತ ಸುಲಭದ ಶಿಕ್ಷೆ ನಿನ್ನ ಹತ್ತಿರ ಇರಲಿಲ್ಲವೇ ಎಂದು.

ಶುಕ್ರವಾರ ಸಂಜೆಯೊಳಗೆ ಅವಳು ಹೊರದೇಶದ ಕಾಲೇಜಿಗೆ ಉತ್ತರ ಕೊಡಬೇಕು. ಆಮೇಲೆ ಆ ಸೀಟು ಬೇರೆಯವರಿಗೆ ಹೋಗುತ್ತದೆ. ಆದ್ದರಿಂದ ಅಂಚೆಗೆ ಹಾಕದೆ ಮಾಸ್ತರರ ಕೈಯಲ್ಲೇ ಕಳಿಸುತ್ತಿದ್ದೇನೆ. ಅವರ ಮುಂದೆ ಏನೂ ಹೇಳಬೇಡಿ, ಸಂಜೆಯೊಳಗೆ ಇಡೀ ಅಂಗಡಿಗೆ ಗೊತ್ತಾಗುತ್ತದೆ. ಹುಡುಗಿಯನ್ನು ನಾಳೆಯೇ ಏನಾದರೊಂದು ನೆಪ ಹೇಳಿ ನಿಮ್ಮ ಕಡೆ ಕಳಿಸುತ್ತೇನೆ. ನಿಮ್ಮ ಅತ್ತೆ ಒಪ್ಪಿದ್ದಾರೆ, ಹೋಗು ಎಂದು ಹೇಳಬೇಡಿ. ಅದು ಮತ್ತೆ ನನ್ನ ಹೆಗಲ ಮೇಲೆ ಹಾಕಿದ ಹಾಗೆ. ನಾನು ನಿನ್ನನ್ನು ಕಳಿಸುತ್ತಿದ್ದೇನೆ, ಹೋಗು ಎಂದು ನೀವೇ ಹೇಳಿ. ಹೇಳುವಾಗ ನಿಮ್ಮ ಗಂಟಲು ಕಟ್ಟಿದರೆ ನೀರು ಕುಡಿದು ಹೇಳಿ. ನಾನು ಬಸ್ಸಿನಲ್ಲಿ ನೀರಿಲ್ಲದೆ ಹೇಳಿದೆ.

ಅಂಗಡಿಯ ಚಿಂತೆ ಬೇಡ. ಏಣಿ ಹತ್ತುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಡಾಕ್ಟರಮ್ಮನ ಹೊಸ ಪರದೆಯನ್ನು ನಾನೇ ಕೂತು ಹೊಲಿಯುತ್ತಿದ್ದೇನೆ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಇದು ವಾಡಿಕೆಗೆ ಬರೆದದ್ದಲ್ಲ, ಮನಸ್ಸಿಟ್ಟೇ ಬರೆದಿದ್ದೇನೆ.

ಇಂತಿ,
ನಿಮ್ಮ ಬೀಗಿತ್ತಿ

ಮರೆತ ಮಾತು: ಅಲ್ಲಿಗೆ ಹೋಗಿ ಇಳಿದ ಮೇಲೆ ದಿನಾ ಫೋನು ಮಾಡಬೇಕು, ಮೊದಲ ಫೋನು ನನಗೆ, ಆಮೇಲೆ ನಿಮಗೆ ಎಂದು ಅವಳ ಹತ್ತಿರ ಈಗಲೇ ಮಾತು ತೆಗೆದುಕೊಂಡಿದ್ದೇನೆ. ನಕ್ಕು ಹೂಂ ಅಂದಿದ್ದಾಳೆ. ಯಾವತ್ತಾದರೂ ಮೊದಲು ನಿಮಗೇ ಮಾಡಿದರೆ ಮಾತಾಡಿಕೊಳ್ಳಿ, ಬೇಡ ಅನ್ನುವುದಿಲ್ಲ. ನನಗೆ ಮಾತ್ರ ತಿಳಿಸಬೇಡಿ.